ಭರಣಿ ಮಳೆ ಬಿದ್ದ ಮೇಲೆ ಅಪ್ಪೆ ಕಸಿ

ಉಪ್ಪಿನಕಾಯಿಗೆ ಹಾಕುವ ಪರಿಮಳದ ಮಾವು ಅಪ್ಪೆಮಿಡಿಯ ಕಸಿ ಕಟ್ಟುತ್ತೇನೆ ಎಂದು ಹೊರಟವನಿಗೆ ಮೊದಲು ಎದುರಾಗುವ ಕಷ್ಟ ಚೂರಿಯದ್ದಲ್ಲ, ಎತ್ತರದ್ದು. ಆಪೂಸು, ಮಲ್ಲಿಕಾ ಥರದ ತೋಟದ ಮಾವಾದರೆ ನೆಲದ ಮೇಲೆ ನಿಂತೇ ಕತ್ತರಿ ಆಡಿಸಬಹುದು. ಹೊಳೆದಂಡೆಯ ಅಪ್ಪೆ ಹಾಗಲ್ಲ. ಸುತ್ತಲಿನ ಕಾಡುಮರಗಳ ಜೊತೆ ಬಿಸಿಲಿಗೆ ಪೈಪೋಟಿ ನಡೆಸಿ ಅರವತ್ತು ಎಪ್ಪತ್ತು ಅಡಿ ಎದ್ದಿರುತ್ತದೆ, ಮೊದಲ ಕೊಂಬೆ ಒಡೆಯುವುದೇ ಮನೆಯ ಮಾಡಿಗಿಂತ ಮೇಲೆ. ಕಸಿಗೆ ಬೇಕಾದ ಕಡ್ಡಿ ಇರುವುದು ಬಿಸಿಲು ಬೀಳುವ ಕಡೆಯ ಕೊಂಬೆಗಳ ತುದಿಯಲ್ಲಿ. ಕೆಳಗೆ ಬುಡದಲ್ಲಿ, ನೆರಳಲ್ಲಿ ಒಡೆದ ಚಿಗುರು ಕೈಗೆ ಸಿಗುತ್ತದೆ ನಿಜ, ಆದರೆ ಅದು ಸಪೂರ, ಎಳಸು. ಕಟ್ಟಿದರೂ ಹಿಡಿಯುವುದು ಕಡಿಮೆ, ಹಿಡಿದರೂ ಹೂವಿಗೆ ಬರುವುದು ತಡ.

ನಾನು ಕಟ್ಟಬೇಕೆಂದಿದ್ದ ಮರ ಶಿರಸಿ ಸೀಮೆಯಲ್ಲಿ, ಅಘನಾಶಿನಿಗೆ ಸೇರುವ ಒಂದು ಹಳ್ಳದ ಅಂಚಿನಲ್ಲಿದೆ. ಅನಂತಭಟ್ಟನ ಅಪ್ಪೆಯ ಹಾಗೆ ಹೆಸರು ಮಾಡಿದ ತಳಿಯೇನಲ್ಲ. ನಮ್ಮ ಮನೆಯಲ್ಲಿ ‘ಹಳ್ಳದ ಅಪ್ಪೆ’ ಎಂದರೆ ಎಲ್ಲರಿಗೂ ಗೊತ್ತು, ಊರಾಚೆ ಯಾರಿಗೂ ಗೊತ್ತಿಲ್ಲ. ತೊಟ್ಟು ಮುರಿದರೆ ಸೊನೆ ಚಿಮ್ಮುತ್ತದೆ, ಜೀರಿಗೆಯ ಪರಿಮಳ ಕೈಯಲ್ಲಿ ಸಂಜೆಯವರೆಗೂ ಉಳಿಯುತ್ತದೆ. ಉಪ್ಪಿನಲ್ಲಿ ಹಾಕಿಟ್ಟ ಮಿಡಿ ಎರಡು ಮಳೆಗಾಲ ಕಳೆದರೂ ಮೆತ್ತಗಾಗುವುದಿಲ್ಲ. ಆದರೆ ಹಳ್ಳ ವರ್ಷವರ್ಷವೂ ಅದರ ಬುಡದ ಮಣ್ಣು ಕೊರೆಯುತ್ತಿದೆ, ಒಂದು ಮಗ್ಗುಲಿನ ಬೇರು ಹೊರಗೆ ಬಿದ್ದಿದೆ. ಇಂಥ ಮರಗಳ ಆಯುಷ್ಯ ನಮ್ಮ ಕೈಯಲ್ಲಿಲ್ಲ. 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಎದ್ದಾಗ ಶರಾವತಿಯ ದಂಡೆಗೆ ದಂಡೆಯೇ ಮುಳುಗಿತು. ಅಲ್ಲಿದ್ದ ಮಾವಿನ ಮರಗಳಲ್ಲಿ ಎಂತೆಂಥ ಪರಿಮಳ ಇತ್ತೋ ಯಾರೂ ಬರೆದಿಟ್ಟಿಲ್ಲ. ಉಳಿದ ಕಡೆ ಮಿಡಿ ಕೊಯ್ಯುವವರ ಅವಸರ ಇದೆ. ಮಿಡಿಗೆ ರೇಟು ಬಂದ ಮೇಲೆ ಒಂದೊಂದೇ ಕೊಯ್ಯುವ ವ್ಯವಧಾನ ಹೋಗಿ, ಕೊಂಬೆಯನ್ನೇ ಕಡಿದು ಕೆಡವಿ ಕೆಳಗೆ ಕೂತು ಬಿಡಿಸಿಕೊಳ್ಳುವವರೂ ಇದ್ದಾರೆ.

ಗೊರಟು ನೆಟ್ಟರೆ ಆಗುವುದಿಲ್ಲವೇ ಎಂದು ಬಹಳ ಜನ ಕೇಳುತ್ತಾರೆ. ಮಾವಿನ ಗಿಡವಂತೂ ಆಗುತ್ತದೆ. ಅದೇ ಅಪ್ಪೆ ಆಗುತ್ತದೆಂಬ ಖಾತರಿ ಇಲ್ಲ. ಹೂವಿಗೆ ಯಾವ ಮರದ ಪರಾಗ ಬಂತೋ, ಗೊರಟಿನೊಳಗಿನ ಸಸಿ ಆ ಎರಡರ ಮಿಶ್ರಣ. ಎಂಟು ಹತ್ತು ವರ್ಷ ಸಾಕಿ, ಕೊನೆಗೆ ಸೊನೆಯೂ ಇಲ್ಲದ, ಪರಿಮಳವೂ ಇಲ್ಲದ ಸೀದಾ ಕಾಟುಮಾವು (ಕಾಡುಮಾವು) ಕಾಯಿಬಿಟ್ಟ ಮನೆಗಳು ನಮ್ಮ ಊರಲ್ಲೇ ಇವೆ. ಮರವನ್ನು ಇದ್ದ ಹಾಗೇ ಇನ್ನೊಂದು ಕಡೆ ಉಳಿಸಬೇಕಾದರೆ ಅದರದೇ ಕಡ್ಡಿಯನ್ನು ಬೇರೊಂದು ಮಾವಿನ ಸಸಿಯ ಮೇಲೆ ಕಟ್ಟಬೇಕು.

ಇಲ್ಲಿ ಕಾಲದ ಲೆಕ್ಕ ಶುರುವಾಗುತ್ತದೆ. ಹಿಮಾಚಲ, ಕಾಶ್ಮೀರದ ಸೇಬಿನವರಿಗೆ ಒಂದು ಅನುಕೂಲ ಉಂಟು. ಅಲ್ಲಿಯ ಮರ ಚಳಿಗಾಲದಲ್ಲಿ ಎಲೆ ಉದುರಿಸಿ ನಿದ್ದೆ ಹೋಗುತ್ತದೆ. ಆಗ ಕಡ್ಡಿ ಕತ್ತರಿಸಿ ತಂಪಿನಲ್ಲಿಟ್ಟು, ವಸಂತದಲ್ಲಿ ಪುರುಸೊತ್ತಾದಾಗ ಕಟ್ಟಬಹುದು. ನಮ್ಮ ಮಾವು, ಹಲಸು ಹಾಗೆ ನಿದ್ದೆ ಹೋಗುವ ಜಾತಿಯವಲ್ಲ. ಇಲ್ಲಿ ಯಾವಾಗ ಕಟ್ಟಿದರೂ ಹಸಿ ಕಡ್ಡಿಯೇ, ಕೊಯ್ದ ದಿನವೇ ಕಟ್ಟಿದರೆ ಉತ್ತಮ. ಒದ್ದೆಬಟ್ಟೆಯಲ್ಲಿ ಸುತ್ತಿ ಎರಡು ಮೂರು ದಿನ ಇಡಬಹುದು, ಆದರೆ ದಿನ ಕಳೆದಂತೆ ಹಿಡಿಯುವ ಪ್ರಮಾಣ ಇಳಿಯುತ್ತದೆ.

ನರ್ಸರಿಯವರು ಮಾವಿನ ಮೃದುಕಾಂಡ ಕಸಿಯನ್ನು, ಎಂದರೆ ಸಸಿಯ ಎಳೆಯ ಕಾಂಡಕ್ಕೆ ಕಡ್ಡಿ ಕೂರಿಸುವ ಕಸಿಯನ್ನು, ಹೆಚ್ಚಾಗಿ ಮಳೆಗಾಲದಲ್ಲೇ ಕಟ್ಟುತ್ತಾರೆ. ಗಾಳಿಯಲ್ಲಿ ತೇವ ಇರುತ್ತದೆ, ಕಡ್ಡಿ ಒಣಗುವುದಿಲ್ಲ. ಅವರಿಗೆ ಪಾಲಿಹೌಸೂ ಇದೆ, ಕೈಗೆಟುಕುವ ತಾಯಿಮರಗಳೂ ಇವೆ. ನಮಗೆ ಜೂನ್‌ನ ಮಿರ್ಗದ (ಮೃಗಶಿರ) ಮಳೆ ಹಿಡಿಯಿತೆಂದರೆ ಆ ಎಪ್ಪತ್ತಡಿಯ ಮರದ ಕಾಂಡಕ್ಕೆ ಪಾಚಿ ಕಟ್ಟುತ್ತದೆ. ಅಡಿಕೆ ಮರ ಹತ್ತಿ ಕೊನೆ ಕೊಯ್ಯುವ ಯಾವ ಕೊನೆಗೌಡನೂ ಹತ್ತಲು ಒಪ್ಪುವುದಿಲ್ಲ, ಒಪ್ಪಿದರೂ ನಾನು ಹತ್ತಿಸುವುದಿಲ್ಲ. ಏಪ್ರಿಲ್ಲಿನಲ್ಲಿ ಕಟ್ಟೋಣವೆಂದರೆ ಒಣ ಸೆಕೆ. ನಡುವೆ ಉಳಿಯುವುದು ಏಪ್ರಿಲ್ ಕೊನೆಗೆ ಶುರುವಾಗುವ ಭರಣಿ ಮಳೆ ಒಂದೆರಡು ಸಲ ಬಿದ್ದ ಮೇಲಿನಿಂದ ರೋಹಿಣಿ ಮಳೆ ಮುಗಿಯುವವರೆಗಿನ ಒಂದು ತಿಂಗಳ ಕಿಂಡಿ. ನೆಲ ಒಂದು ಸಲ ತಣಿದಿರುತ್ತದೆ, ಗಾಳಿಗೆ ತೇವ ಬಂದಿರುತ್ತದೆ, ಮರ ಇನ್ನೂ ಒಣಗಿಯೇ ಇರುತ್ತದೆ. ಮುಖ್ಯವಾಗಿ, ಕಸಿ ಕಟ್ಟಲೆಂದು ಪ್ಲಾಸ್ಟಿಕ್ ಕೊಟ್ಟೆಯಲ್ಲಿ (ಚೀಲದಲ್ಲಿ) ಬೆಳೆಸಿದ್ದ ಹಿಂದಿನ ವರ್ಷದ ಕಾಟುಮಾವಿನ ಸಸಿಗಳು ಆ ಮಳೆಗೆ ತಾಮ್ರದ ಬಣ್ಣದ ಚಿಗುರು ತಳ್ಳುತ್ತವೆ.

ಸಸಿಯ ಕೆಲಸ ಒಂದು ವರ್ಷ ಮೊದಲೇ ಆಗಿರಬೇಕು. ಜೂನ್‌ನಲ್ಲಿ ಕಾಟುಮಾವಿನ ಹಣ್ಣು ತಿಂದು ಎಸೆದ ಗೊರಟು ಆರಿಸಿ, ತೊಳೆದು, ಒಂದು ವಾರದೊಳಗೆ ಮಣ್ಣಿಗೆ ಹಾಕಿದ್ದೆ. ಮಾವಿನ ಗೊರಟನ್ನು ಒಣಗಿಸಿ ಡಬ್ಬಿಯಲ್ಲಿಟ್ಟು ಮುಂದಿನ ವರ್ಷ ಬಿತ್ತಲು ಬರುವುದಿಲ್ಲ. ತಿಂಗಳು ಕಳೆದರೆ ಮೊಳಕೆಯ ಶಕ್ತಿಯೇ ಹೋಗುತ್ತದೆ. ಊರಿನ ಕಾಟುಮಾವೇ ಆಗಬೇಕೆಂದು ನಾನು ಹಟ ಹಿಡಿದದ್ದಕ್ಕೆ ಕಾರಣ ಇಷ್ಟೆ: ನಮ್ಮ ಜಂಬಿಟ್ಟಿಗೆ ಮಣ್ಣು, ನಾಲ್ಕು ತಿಂಗಳ ಬಿಡದ ಮಳೆ, ಆಮೇಲೆ ಆರೇಳು ತಿಂಗಳ ಒಣಹವೆ, ಈ ಮೂರನ್ನೂ ಕಂಡ ಬೇರು ಅದು. ಮೇ ಹೊತ್ತಿಗೆ ಸಸಿ ಪೆನ್ಸಿಲ್ ದಪ್ಪಕ್ಕೆ ಬಂದಿತ್ತು.

ಈಗ ಕಡ್ಡಿ. ಆಯ್ಕೆ ಹೇಗೆಂದು ನನಗೆ ತೋರಿಸಿಕೊಟ್ಟವರು ನರ್ಸರಿ ನಡೆಸುವ ನಮ್ಮ ಭಾವ. ಹಿಂದಿನ ಚಿಗುರಿನಲ್ಲಿ ಬಂದ, ಮೂರು ನಾಲ್ಕು ತಿಂಗಳು ಬಲಿತ ಕಡ್ಡಿ ಬೇಕು. ತೊಗಟೆ ಪೂರ್ತಿ ಹಸಿರೂ ಅಲ್ಲ, ಪೂರ್ತಿ ಬೂದಿಯೂ ಅಲ್ಲ, ಎರಡರ ನಡುವೆ. ಎಲೆ ಕಡುಹಸಿರು. ಆ ವರ್ಷ ಹೂ ಬಿಟ್ಟ ಕಡ್ಡಿ ಬೇಡ, ಅದರ ತುದಿಯಲ್ಲಿ ಒಣಗಿದ ಹೂಗೊಂಚಲಿನ ಕಡ್ಡಿ ಉಳಿದಿರುತ್ತದೆ, ನೋಡಿದರೆ ತಿಳಿಯುತ್ತದೆ. ತುದಿಯ ಮೊಗ್ಗು ಉಬ್ಬಿರಬೇಕು, ಒಡೆದಿರಬಾರದು. ನಾನು ಕೆಳಗಿನಿಂದ ದೋಟಿಗೆ ಸಿಕ್ಕ ಒಂದು ಕೊಂಬೆ ಹಿಡಿದು ಇದಾಗಬಹುದಾ ಎಂದು ಕೇಳಿದರೆ ಭಾವ ತುದಿಯನ್ನು ಬೆರಳಲ್ಲಿ ಒತ್ತಿ ನೋಡಿ, “ಇಲ್ಲೆ, ಇನ್ನೂ ಹದ ಬೈಂದಿಲ್ಲೆ” ಎಂದರು. ಒತ್ತಿದರೆ ಗಟ್ಟಿಯಾಗಿ, ತುಂಬಿಕೊಂಡ ಹಾಗೆ ಸಿಗಬೇಕು. ಚಪ್ಪಟೆಯಾಗಿ, ಚೂಪಾಗಿ ಇದ್ದರೆ ಇನ್ನೂ ಮಲಗಿದೆ ಎಂದರ್ಥ.

ಮೊಗ್ಗನ್ನು ಎಬ್ಬಿಸಲು ಒಂದು ಉಪಾಯ ಇದೆ. ಕಡ್ಡಿ ಕೊಯ್ಯುವ ಏಳೆಂಟು, ಹೆಚ್ಚೆಂದರೆ ಹತ್ತು ದಿನ ಮೊದಲು ಮರದ ಮೇಲೆಯೇ ಆ ಕಡ್ಡಿಯ ಎಲೆಗಳನ್ನೆಲ್ಲ ಕತ್ತರಿಸಿ, ತೊಟ್ಟು ಮಾತ್ರ ಬಿಡುವುದು. ಎಲೆ ಹೋದದ್ದು ಗೊತ್ತಾಗಿ ಮರ ತುದಿಯ ಮೊಗ್ಗಿಗೆ ರಸ ತಳ್ಳುತ್ತದೆ. ವಾರ ಕಳೆದ ಮೇಲೆ ತೊಟ್ಟು ಬೆರಳು ತಾಗಿದರೆ ಸಾಕು, ಉದುರುತ್ತದೆ. ಉದುರಿದ ಜಾಗ ಒಣಗಿ ಮಾಯ್ದಿರುತ್ತದೆ, ಕಟ್ಟಿದ ಮೇಲೆ ಅಲ್ಲಿಂದ ಕೊಳೆ ಹತ್ತುವುದಿಲ್ಲ. ಕಡ್ಡಿ ಕೊಯ್ಯಲು ತಯಾರು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಗುರುತು ಬೇರೆ ಇಲ್ಲ.

ಉಪಾಯವೇನೋ ಸರಿ, ಆದರೆ ಅದಕ್ಕೆ ಮರವನ್ನು ಎರಡು ಸಲ ಹತ್ತಬೇಕು. ಮೊದಲ ಸಲ ಎಲೆ ಕತ್ತರಿಸಲು, ಎರಡನೆಯ ಸಲ ಕಡ್ಡಿಗೆ. ಅಡಿಕೆ ಕೊನೆ ಕೊಯ್ಯಲು ಬರುವ ಗೌಡರಿಗೆ ಹೇಳಿದಾಗ ಅವರು ಮರವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. “ಹೆಗ್ಡೇರೇ, ಎಲೆ ಕತ್ತರಿಸಿ ಬರೋಕೆ ಒಂದ್ಸಲ ಹತ್ತೋದಾ? ಮರಕ್ಕೆ ಕ್ಷೌರ ಮಾಡ್ಸಿದ್ ಯಾರನ್ನೂ ನೋಡಿರ್ಲಿಲ್ಲ.” ಕೊನೆಗೆ ಒಪ್ಪಿದರು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಸಣ್ಣ ಕತ್ತರಿಯನ್ನು ದಾರದಲ್ಲಿ ಕುತ್ತಿಗೆಗೆ ಇಳಿಬಿಟ್ಟುಕೊಂಡು ಹತ್ತಿದರು. ಎಲೆ ತೆಗೆದ ಕಡ್ಡಿಗೆಲ್ಲ ಕೆಂಪು ಬಟ್ಟೆಯ ಚೂರು ಕಟ್ಟಿ ಬರಲು ಹೇಳಿದ್ದೆ. ಆ ಗುರುತಿಲ್ಲದಿದ್ದರೆ ಮುಂದಿನ ವಾರ ಅಷ್ಟು ಎತ್ತರದಲ್ಲಿ ಹುಡುಕಿ ಕೂರಲು ಆಗುವುದಿಲ್ಲ.

ಎರಡನೆಯ ಸಲ ಹತ್ತಿದ್ದು ಬೆಳಗಿನ ಬಿಸಿಲು ಏರುವ ಮೊದಲು. ರಾತ್ರಿಯೆಲ್ಲ ನೀರು ಕುಡಿದ ಕಡ್ಡಿ ಆಗ ತುಂಬಿಕೊಂಡಿರುತ್ತದೆ, ಮಧ್ಯಾಹ್ನಕ್ಕೆ ಅದೇ ಕಡ್ಡಿ ಬಾಡಿದ ಲೆಕ್ಕ. ಕೆಳಗೆ ಎಸೆಯಬಾರದು, ಮೊಗ್ಗು ಮುರಿಯುತ್ತದೆ. ಹೆಗಲಿನ ಚೀಲದಲ್ಲಿ ಹಾಕಿ ಹಗ್ಗದಲ್ಲಿ ಇಳಿಸಿದರು. ಇಳಿದದ್ದೇ ತಡ ಒದ್ದೆ ಮಾಡಿ ಹಿಂಡಿದ ಹಳೇ ಪಂಚೆಯಲ್ಲಿ ಸುತ್ತಿ, ಅದರ ಮೇಲೆ ಪ್ಲಾಸ್ಟಿಕ್ ಕೊಟ್ಟೆ ಹಾಕಿ ನೆರಳಿಗೆ ತಂದೆ. ಹಿಂದಿನವರು ಬಾಳೆಯ ಪಟ್ಟೆಯೊಳಗೆ ಇಟ್ಟು ತರುತ್ತಿದ್ದರಂತೆ, ಅದೂ ಚೆನ್ನಾಗಿಯೇ ತೇವ ಹಿಡಿಯುತ್ತದೆ. ನೀರಿನಲ್ಲಿ ಮುಳುಗಿಸಿ ಇಡುವುದು ಮಾತ್ರ ಬೇಡ, ಕೊಳೆ ಹತ್ತುವುದಕ್ಕೆ ಅದೇ ದಾರಿ. ಒಂದೇ ದಿನ ಬೇರೆ ಬೇರೆ ಮರದ ಕಡ್ಡಿ ತಂದರೆ ಕಟ್ಟುಕಟ್ಟಿಗೆ ಚೀಟಿ ಹಚ್ಚಬೇಕು. ಎಲೆ ಕಳೆದ ಮಾವಿನ ಕಡ್ಡಿಗಳು ನೋಡಲು ಎಲ್ಲ ಒಂದೇ. ಅನುಮಾನ ಬಂದರೆ ತೊಗಟೆ ಚೂರು ಕೆರೆದು ಮೂಸುವುದುಂಟು. ಜೀರಿಗೆ ಅಪ್ಪೆ ಆಗ ತನ್ನ ಗುಟ್ಟು ಬಿಟ್ಟುಕೊಡುತ್ತದೆ.

ಕಟ್ಟುವ ಕೆಲಸ ಮನೆಯ ಹಿಂದಿನ ಚಪ್ಪರದ ಕೆಳಗೆ. ಸಸಿಗಳಿಗೆ ಹಿಂದಿನ ದಿನವೇ ಚೆನ್ನಾಗಿ ನೀರು ಕೊಟ್ಟಿದ್ದೆ. ಕಸಿ ಚೂರಿಯನ್ನು ಸಾಣೆ ಹಿಡಿದು, ಸ್ಪಿರಿಟ್‌ನಲ್ಲಿ ಒರೆಸಿಟ್ಟಿದ್ದೆವು. ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡರೆ ಸೊನೆ ಸುಡುವುದಿಲ್ಲ, ಆದರೆ ಎಣ್ಣೆಯ ಬೆರಳು ಕೊಯ್ದ ಜಾಗಕ್ಕೆ ತಾಗಿದರೆ ಕೆಲಸ ಕೆಡುತ್ತದೆ. ಅದಕ್ಕೆ ಭಾವ ಎಣ್ಣೆಯನ್ನು ಅಂಗೈಯ ಹಿಂಬದಿಗೆ, ಮುಂಗೈಗೆ ಮಾತ್ರ ಹಚ್ಚಿಕೊಳ್ಳುತ್ತಾರೆ.

ಸಸಿಯ ತಲೆಯನ್ನು ಮಣ್ಣಿನಿಂದ ಒಂದು ಗೇಣು ಮೇಲೆ, ತಾಮ್ರದ ಬಣ್ಣದ ಎಲೆಯಿರುವ ಎಳೆಯ ಕಾಂಡದಲ್ಲಿ ಕತ್ತರಿಸಬೇಕು. ಕೆಳಗಿನ ನಾಲ್ಕಾರು ಬಲಿತ ಎಲೆ ಉಳಿಸಲೇಬೇಕು. ಪೂರ್ತಿ ಬೋಳಿಸಿದರೆ ಬೇರಿಗೆ ಊಟ ಹಾಕುವವರು ಯಾರೂ ಇಲ್ಲದಂತಾಗುತ್ತದೆ. ಕತ್ತರಿಸಿದ ತುದಿಯ ಸರೀ ನಡುವೆ ಚೂರಿ ಇಟ್ಟು ಮೂರ್ನಾಲ್ಕು ಸೆಂಟಿಮೀಟರ್ ಸೀಳು. ಕಡ್ಡಿ ಸುಮಾರು 10ರಿಂದ 12 ಸೆಂಟಿಮೀಟರ್ ಉದ್ದ, ಸೀಳಿನಷ್ಟೇ ಉದ್ದಕ್ಕೆ ಅದರ ಬುಡವನ್ನು ಎರಡೂ ಬದಿಯಲ್ಲಿ ಬೆಣೆಯ ಆಕಾರಕ್ಕೆ ಹೆರೆಯುವುದು. ಇಲ್ಲಿ ಕೈ ಪಳಗಬೇಕು. ಬದಿಗೊಂದೇ ಎಳೆತ, ಚೂರಿ ತನ್ನ ಕಡೆ ಅಲ್ಲ, ಕಡ್ಡಿಯನ್ನೇ ಚೂರಿಯ ಮೇಲೆ ಎಳೆದ ಹಾಗೆ. ಹೆರೆದ ಮೇಲೆ ಬೆಳಕಿಗೆ ಹಿಡಿದು ನೋಡಿದರೆ ಮೈ ನುಣ್ಣಗೆ ಕಾಣಬೇಕು. ತಗ್ಗುದಿಣ್ಣೆ ಇದ್ದರೆ ಅಲ್ಲಿ ಗಾಳಿ ಕೂರುತ್ತದೆ. ಹೆರೆದದ್ದು ನುಣುಪಾಗಿದೆಯೇ ಎಂದು ಹೆಬ್ಬೆರಳಿನಿಂದ ಸವರಿ ನೋಡುವ ಆಸೆ ಎಲ್ಲರಿಗೂ ಆಗುತ್ತದೆ. ನನ್ನ ಕೈ ಹೋಗುವ ಮೊದಲೇ ಭಾವನ ಮಾತು ಬಂತು: “ಕೊಯ್ದ ಜಾಗ ಮುಟ್ಟಡ ಮಾರಾಯ.”

ತೊಗಟೆಯ ಕೆಳಗೆ ತೆಳ್ಳಗಿನ ಒಂದು ಹಸಿರು ಪದರ ಇರುತ್ತದೆ. ಹೊಸ ಜೀವಕೋಶ ಹುಟ್ಟುವುದು ಅಲ್ಲಿಯೇ. ಕಡ್ಡಿಯ ಆ ಪದರ ಸಸಿಯ ಆ ಪದರಕ್ಕೆ ತಾಗಿ ಕೂರಬೇಕು, ಉಳಿದದ್ದೆಲ್ಲ ಅದಕ್ಕಾಗಿ ಮಾಡುವ ಸಿದ್ಧತೆ. ಎರಡೂ ಒಂದೇ ದಪ್ಪ ಇದ್ದರೆ ಎರಡೂ ಬದಿ ತಾನಾಗಿ ಸೇರುತ್ತದೆ. ಕಡ್ಡಿ ಸಪೂರವಾದರೆ ನಡುವೆ ಇಡದೆ ಒಂದು ಬದಿಗೆ ಸರಿಸಿ, ಆ ಒಂದು ಬದಿಯ ತೊಗಟೆಯನ್ನಾದರೂ ಸರಿಯಾಗಿ ಕೂರಿಸಬೇಕು. ನೋಡಲು ಚಂದ ಕಾಣಲೆಂದು ನಡುವೆ ಕೂರಿಸಿದವರ ಕಸಿ ಯಾವ ಬದಿಗೂ ಸೇರದೆ ಒಣಗುತ್ತದೆ.

ಆಮೇಲೆ ಕಟ್ಟು. ಎರಡು ಸೆಂಟಿಮೀಟರ್ ಅಗಲದ ಪ್ಲಾಸ್ಟಿಕ್ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ, ಸುತ್ತಿನ ಮೇಲೆ ಅರ್ಧ ಸುತ್ತು ಏರಿಸುತ್ತ ಬಿಗಿಯಾಗಿ ಎಳೆದು ಕಟ್ಟುವುದು. ಕೆಳಗಿನಿಂದ ಕಟ್ಟಿದರೆ ಮೇಲಿನಿಂದ ಬೀಳುವ ನೀರು ಒಳಗೆ ಇಳಿಯದೆ ಜಾರುತ್ತದೆ, ಮಾಡಿಗೆ ಹಂಚು ಹೊದೆಸುವವರಿಗೆ ಇದನ್ನು ವಿವರಿಸಬೇಕಿಲ್ಲ. ಕೊನೆಗೆ ಕಡ್ಡಿಯ ತಲೆಯ ಮೇಲಿಂದ ಐಸ್‌ಕ್ಯಾಂಡಿಯ ಉದ್ದ ಕೊಟ್ಟೆಯನ್ನು ಟೋಪಿಯಾಗಿ ಇಳಿಸಿ, ಕಸಿಯ ಕೆಳಗೆ ದಾರ ಬಿಗಿಯುವುದು. ಬೇರಿನ ಸಂಪರ್ಕ ಇನ್ನೂ ಇಲ್ಲದ ಕಡ್ಡಿ ತನ್ನಲ್ಲಿರುವ ನೀರಿನಲ್ಲೇ ಎರಡು ಮೂರು ವಾರ ಬದುಕಬೇಕು. ಟೋಪಿ ಆ ನೀರು ಆರದಂತೆ ಕಾಯುತ್ತದೆ. ಮರುದಿನ ಬೆಳಿಗ್ಗೆ ಒಳಗಡೆ ಮಂಜಿನ ಹನಿ ಕಂಡರೆ ಒಳ್ಳೆಯದು. ಅದೇ ಟೋಪಿಯ ಮೇಲೆ ಮೇ ತಿಂಗಳ ನೇರ ಬಿಸಿಲು ಬಿದ್ದರೆ ಒಂದೇ ಮಧ್ಯಾಹ್ನದಲ್ಲಿ ಕಡ್ಡಿ ಬೇಯುತ್ತದೆ. ಮಾವಿನ ಗಾಯ ಮಾಯುವುದಕ್ಕೆ 25ರಿಂದ 30 ಡಿಗ್ರಿ ಶಾಖ ಹಿತ. ಚಪ್ಪರಕ್ಕೆ ಅಡಿಕೆ ಸೋಗೆ ಹೊದೆಸಿ, ನೆಲಕ್ಕೆ ಸಂಜೆ ನೀರು ಚಿಮುಕಿಸಿ ಅಷ್ಟಕ್ಕೆ ಇಳಿಸಿದೆ.

ಇನ್ನು ಕಾಯುವುದು, ಮತ್ತು ಮೋಸ ಹೋಗದಿರುವುದು. ಎರಡನೆಯ ವಾರದಲ್ಲಿಯೇ ಕೆಲವು ಕಡ್ಡಿಗಳು ಮೊಗ್ಗು ಒಡೆದು ಚಿಗುರು ತೋರಿಸಿದವು. ಮನೆಯವರೆಲ್ಲ ಬಂದು ನೋಡಿ ಸಂಭ್ರಮಪಟ್ಟರು. ನೋಡಲು ಬಂದ ಭಾವ ಮಾತ್ರ ಟೋಪಿ ತೆಗೆಯಬೇಡ ಎಂದಷ್ಟೇ ಹೇಳಿ ಕಾಫಿ ಕುಡಿದು ಹೋದರು. ಉಬ್ಬಿದ ಮೊಗ್ಗಿನಲ್ಲಿ ಮೊದಲೇ ಕೂಡಿಟ್ಟ ಸತ್ವ ಇರುತ್ತದೆ. ಬೇರಿಗೂ ಕಡ್ಡಿಗೂ ಬೆಸುಗೆ ಆಗದಿದ್ದರೂ ಆ ಸತ್ವದಲ್ಲೇ ಎರಡಿಂಚು ಚಿಗುರಬಹುದು. ಸತ್ವ ತೀರಿದ ದಿನ ಚಿಗುರು ಒಮ್ಮೆಲೇ ಜೋತು ಬೀಳುತ್ತದೆ. ಚಿಗುರಿನ ಮೊದಲ ಎಲೆಗಳು ಬಿಚ್ಚಿ, ತಾಮ್ರದ ಬಣ್ಣ ಕಳೆದು ಹಸಿರಿಗೆ ತಿರುಗಲು ಶುರುವಾದರೆ ನೀರು ಮೇಲೆ ಬರುತ್ತಿದೆ ಎಂದು ನಂಬಬಹುದು. ಟೋಪಿಯನ್ನು ಮೋಡದ ಸಂಜೆ ನೋಡಿ ಮೊದಲು ತುದಿಯಲ್ಲಿ ಚೂರು ಕತ್ತರಿಸಿ, ಎರಡು ದಿನ ಬಿಟ್ಟು ಪೂರ್ತಿ ತೆಗೆದೆ.

ಕಪ್ಪಾದವೂ ಇದ್ದವು. ತುದಿಯಿಂದ ಕೆಳಗೆ ಒಣಗುತ್ತ ಬಂದರೆ ನೀರಿನ ಕೊರತೆ, ಕಟ್ಟಿನಿಂದ ಮೇಲಕ್ಕೆ ಕಪ್ಪೇರಿದರೆ ಕೊಳೆ. ಮೊದಲ ಥರದವು ನೆರಳು ತೆಳುವಾಗಿದ್ದ ಮೂಲೆಯಲ್ಲೇ ಹೆಚ್ಚು. ಹೋದ ಸಸಿಯನ್ನು ಕಿತ್ತೆಸೆಯಬೇಕಿಲ್ಲ. ಕೆಳಗಿನ ಎಲೆ ಉಳಿಸಿದ್ದರಿಂದ ಅದು ಮತ್ತೆ ಚಿಗುರುತ್ತದೆ, ಆ ಚಿಗುರಿಗೆ ಇನ್ನೊಮ್ಮೆ ಕಟ್ಟಬಹುದು. ಹಿಡಿದವುಗಳಲ್ಲಿಯೂ ಕಸಿಯ ಕೆಳಗಿನಿಂದ ಕಾಟುಮಾವು ಚಿಗುರು ಹಾಕುತ್ತಲೇ ಇರುತ್ತದೆ, ವಾರಕ್ಕೊಮ್ಮೆ ಚಿವುಟದಿದ್ದರೆ ಅದೇ ಮುಂದೆ ಹೋಗಿ ಮೇಲಿನ ಅಪ್ಪೆ ಸೊರಗುತ್ತದೆ. ಪ್ಲಾಸ್ಟಿಕ್ ಪಟ್ಟಿಯನ್ನು ಬಿಚ್ಚಿದ್ದು ಎರಡು ಮೂರು ತಿಂಗಳ ಮೇಲೆ. ಬಿಡದೆ ಮರೆತರೆ ಕಾಂಡ ದಪ್ಪಗಾದಂತೆ ಅದು ಉರುಳಾಗುತ್ತದೆ.

ಇದೇ ಕಾಲದಲ್ಲಿ ಮುರುಗಲಿಗೂ (ಪುನರ್ಪುಳಿ) ಕಟ್ಟಿ ನೋಡಿದೆ. ಅದರ ನಿಯಮ ಸ್ವಲ್ಪ ಬೇರೆ. ಮುರುಗಲಿನಲ್ಲಿ ಗಂಡು ಮರ, ಹೆಣ್ಣು ಮರ ಬೇರೆಬೇರೆ, ಬೀಜದ ಸಸಿ ಹೂ ಬಿಡುವವರೆಗೂ ಯಾವುದೆಂದು ತಿಳಿಯದು. ಹೆಣ್ಣು ಮರದ ಕಡ್ಡಿ ಕಟ್ಟಿದರೆ ಆ ಜೂಜು ತಪ್ಪುತ್ತದೆ. ಆದರೆ ಪಕ್ಕಕ್ಕೆ ಚಾಚಿದ ಕೊಂಬೆಯ ಕಡ್ಡಿ ಕಟ್ಟಿದರೆ ಗಿಡವೂ ಜೀವಮಾನವಿಡೀ ಪಕ್ಕಕ್ಕೇ ಚಾಚುತ್ತದೆ, ಮೇಲೇಳುವುದಿಲ್ಲ. ನೆಟ್ಟಗೆ ಏಳುವ ಕಡ್ಡಿಯನ್ನೇ ಆರಿಸಬೇಕು. ಜಾಯಿಕಾಯಿಯದೂ ಇದೇ ಕಥೆ. ಮಾವಿಗೆ ಆ ತಕರಾರಿಲ್ಲ. ಹಲಸಿಗೆ ಮೇಣದ ಕಾಟ ಇದೆ, ಪ್ರತಿ ಕಡ್ಡಿಗೂ ಚೂರಿ ಒರೆಸಬೇಕು.

ಅಪ್ಪೆ ಸಸಿಗಳು ಒಂದು ವರ್ಷ ಕೊಟ್ಟೆಯಲ್ಲೇ ಕಳೆದು, ಮುಂದಿನ ಜೂನ್‌ನಲ್ಲಿ ನೆಲ ಕಂಡವು. ಕೆಲವನ್ನು ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟದಲ್ಲಿ ನೆಟ್ಟೆ, ಕೆಲವನ್ನು ಅಕ್ಕಪಕ್ಕದ ಮನೆಗಳಿಗೆ ಹಂಚಿದೆ. ಒಂದೇ ಕಡೆ ಎಲ್ಲವನ್ನೂ ಇಟ್ಟರೆ ಒಂದು ಬೆಂಕಿಗೆ, ಒಂದು ದರೆ ಕುಸಿತಕ್ಕೆ ಎಲ್ಲ ಹೋಗುತ್ತದೆ. ನೆಡುವಾಗ ಕಸಿಯ ಗಂಟು ಮಣ್ಣಿನಿಂದ ಮೇಲೆಯೇ ಇರಬೇಕು. ಬೆಟ್ಟದ ಇಳಿಜಾರಿನಲ್ಲಿ ಮಳೆ ಮಣ್ಣು ತಂದು ಬುಡಕ್ಕೆ ಸುರಿಯುವುದರಿಂದ ಇನ್ನೂ ನಾಲ್ಕು ಬೆರಳು ಹೆಚ್ಚಿಗೆ ಬಿಟ್ಟೆ. ದನ ಬಾಯಿ ಹಾಕದಂತೆ ಮುಳ್ಳಿನ ಬೇಲಿ. ಗೌಡರೂ ತಮ್ಮ ಹಿತ್ತಿಲಿಗೆಂದು ಎರಡು ಸಸಿ ಒಯ್ದರು. ಕಸಿಮರ ಗಿಡ್ಡವಾಗಿಯೇ ಕಾಯಿ ಬಿಡುತ್ತದೆ, ಹತ್ತುವ ಕೆಲಸ ಇರುವುದಿಲ್ಲ ಎಂದು ನಾನು ಹೇಳಿದ್ದನ್ನು ಅವರು ಅಷ್ಟಾಗಿ ನಂಬಿದಂತಿಲ್ಲ.

ನೆಟ್ಟ ಎರಡನೆಯ ಬೇಸಿಗೆಗೇ ಒಂದು ಗಿಡ ಸೊಂಟದೆತ್ತರದಲ್ಲಿ ಹೂಗೊಂಚಲು ತೂಗಿತು. ಬಲಿತ ಮರದ ಕಡ್ಡಿಯಾದ್ದರಿಂದ ಹಾಗಾಗುವುದು ಸಹಜ. ಗಿಡಕ್ಕೆ ಮಿಡಿ ಹೊರುವ ತಾಕತ್ತು ಇನ್ನೂ ಇಲ್ಲ, ಮೂರು ನಾಲ್ಕು ವರ್ಷ ಹೂ ಚಿವುಟಬೇಕು ಎಂದು ಭಾವ ಮೊದಲೇ ಹೇಳಿದ್ದರು. ಚಿವುಟಿದೆ. ಒಂದೇ ಒಂದು ಗೊಂಚಲು ಮಾತ್ರ ಅಮ್ಮ ಚಿವುಟಗೊಡಲಿಲ್ಲ. ಅದರಲ್ಲಿ ನಿಂತ ಮಿಡಿಯ ತೊಟ್ಟು ಮುರಿದು, ಸೊನೆ ಮೂಸಿ, ಜೀರಿಗೆಯೇ ಹೌದು ಎಂದು ಅವಳು ಹೇಳಿದ ಮೇಲೆ ಉಳಿದ ಗಿಡಗಳಿಗೂ ಹೆಸರು ಬರೆದ ಚೀಟಿ ಕಟ್ಟಿದೆ.